ಗುರಿ ಬೇರೆ, ಫಲ ಬೇರೆ

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹತ್ತನೆಯ ಇಯತ್ತೆಯ ಫಲಿತಾಂಶ ಪ್ರಕಟವಾದ ದಿನ ಪಾಲಕರು ಶಾಲೆಯ ಅಂಗಳಕ್ಕೆ ಬಂದು ಕೇಳುವ ಪ್ರಶ್ನೆ ಒಂದೇ: “ಗುರುಗಳ, ನಮ್ಮ ಹುಡುಗಗ ಎಷ್ಟ ಬಿದ್ದಾವ್ರಿ?” ಬೇರೆ ಸೀಮೆಯಿಂದ ಹೊಸದಾಗಿ ಬಂದ ಶಿಕ್ಷಕರಿಗೆ ಈ ಮಾತು ನಗೆ ತರಿಸುತ್ತದೆ. ಅಂಕಗಳು ಬೀಳುವುದೆಂದರೇನು, ಅವೇನು ಹುಣಸೆಯ ಹಣ್ಣುಗಳೇ ಎಂದು ಅವರು ವಿನೋದ ಮಾಡುವುದುಂಟು. ಆದರೆ ಮೂವತ್ತು ವರ್ಷ ವ್ಯಾಕರಣವನ್ನು ಪಾಠ ಹೇಳಿದ ನನಗೆ, ಓದುಬರಹವಿಲ್ಲದ ನಮ್ಮ ಒಕ್ಕಲುಮಗನ ಆ ಒಂದು ಕ್ರಿಯಾಪದದಲ್ಲಿ ದೊಡ್ಡದೊಂದು ವಿವೇಕ ಅಡಗಿರುವಂತೆ ತೋರುತ್ತದೆ. ಪ್ರಸ್ತುತ ಸ್ಮರಣ ಸಂಚಿಕೆಯನ್ನು ಓದುವ ಶಿಕ್ಷಕ ಬಂಧುಗಳು, ಹಳೆಯ ವಿದ್ಯಾರ್ಥಿಗಳು ಮತ್ತು ಉದಾರಿಗಳಾದ ದಾನಿಗಳು ಆ ವಿವೇಕವನ್ನು ನನ್ನೊಡನೆ ತುಸು ಬಿಡಿಸಿ ನೋಡಬೇಕೆಂದು ವಿನಂತಿಸುತ್ತೇನೆ.

“ಹುಡುಗನು ಓದಿದನು, ಬರೆದನು, ಕಂಠಪಾಠ ಮಾಡಿದನು” ಎಂಬಲ್ಲಿ ಹುಡುಗನು ಪ್ರಥಮಾ ವಿಭಕ್ತಿಯಲ್ಲಿದ್ದಾನೆ, ಅವನು ಕರ್ತೃ. “ಹುಡುಗನಿಗೆ ಅಂಕ ಬಿದ್ದವು, ನೌಕರಿ ಹತ್ತಿತು, ಹೆಸರು ಬಂತು” ಎಂಬಲ್ಲಿ ಅವನು ಚತುರ್ಥಿಗೆ ಸರಿದಿದ್ದಾನೆ. ಬೀಳುವ ಕೆಲಸ ಅಂಕಗಳದು, ಹತ್ತುವ ಕೆಲಸ ನೌಕರಿಯದು, ಬರುವ ಕೆಲಸ ಹೆಸರಿನದು. ಹುಡುಗನು ಅವುಗಳನ್ನು ಬರಮಾಡಿಕೊಳ್ಳುವ ಸ್ಥಾನದಲ್ಲಿದ್ದಾನೆಯೇ ಹೊರತು ಆ ಕ್ರಿಯೆಗಳ ಒಡೆಯನಲ್ಲ. ಒಕ್ಕಲುತನದ ಮಾತೂ ಹೀಗೆಯೇ ಇದೆ. ರೈತನು ಹರಗಿದನು, ಬಿತ್ತಿದನು, ನೀರು ಹಾಯಿಸಿದನು. ಅವನಿಗೆ ಬೆಳೆ ಬಂತು, ಧಾರಣೆ ಸಿಕ್ಕಿತು. ಗುರಿಗೂ ಫಲಕ್ಕೂ ಇರುವ ಅಂತರವನ್ನು ನಮ್ಮ ಆಡುಮಾತು ಎಂದೋ ಗುರುತಿಸಿ ಎರಡು ವಿಭಕ್ತಿಗಳಲ್ಲಿ ಹಂಚಿಟ್ಟಿದೆ. ಮನುಷ್ಯನು ತನ್ನ ಬೆಳವಣಿಗೆಗಾಗಿ ಇಟ್ಟುಕೊಳ್ಳುವ ಗುರಿಯನ್ನು ಪ್ರಥಮಾ ವಿಭಕ್ತಿಯಲ್ಲಿ ಹೇಳಲು ಬರಬೇಕು. ಚತುರ್ಥಿಯಲ್ಲಿ ಮಾತ್ರ ಹೇಳಲು ಬರುವುದು ಫಲ. ಈ ಎರಡನ್ನೂ ಕಲಸುವುದರಿಂದ ನಮ್ಮ ಮಕ್ಕಳಿಗೆ ಆಗುತ್ತಿರುವ ಹಾನಿಯ ವಿಷಯವಾಗಿ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಗುರಿ ಎಂದರೆ ಬಾಣ ಹೂಡಿದವನು ದೃಷ್ಟಿಯನ್ನು ನೆಡುವ ನೆಲೆ. ಮರದ ಮೇಲಿನ ಹಕ್ಕಿಯನ್ನು ತೋರಿಸಿ ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಹೇಳದ ಶಾಲೆಯಿಲ್ಲ. ಏಕಾಗ್ರತೆಗೆ ದೃಷ್ಟಾಂತವೆಂದು ಅದನ್ನು ಹೇಳಿ ಮುಗಿಸುತ್ತೇವೆ. ಅದರಲ್ಲಿನ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಧರ್ಮರಾಯನಿಂದ ಮೊದಲುಗೊಂಡು ಉಳಿದ ಶಿಷ್ಯರೆಲ್ಲರನ್ನೂ ಆಚಾರ್ಯರು ಹಿಂದೆ ಸರಿಸಿದ್ದು ಅವರ ಬಾಣ ತಪ್ಪಿದ್ದಕ್ಕಾಗಿ ಅಲ್ಲ. ಅವರಾರೂ ಬಾಣವನ್ನೇ ಬಿಡಲಿಲ್ಲ. “ಏನು ಕಾಣುತ್ತದೆ?” ಎಂಬ ಪ್ರಶ್ನೆಗೆ ಮರವೂ ಕಾಣುತ್ತದೆ, ನೀವೂ ಕಾಣುತ್ತೀರಿ, ಅಣ್ಣತಮ್ಮಂದಿರೂ ಕಾಣುತ್ತಾರೆ ಎಂದವರನ್ನು ಅಲ್ಲಿಯೇ ನಿಲ್ಲಿಸಲಾಯಿತು. ದ್ರೋಣರ ಪರೀಕ್ಷೆ ನಡೆದದ್ದು ದೃಷ್ಟಿಯ ಮೇಲೆ. ಹಕ್ಕಿ ಬಿದ್ದದ್ದು ಆಮೇಲಿನ ಮಾತು. ಬಾಣ ಬಿಟ್ಟ ಮೇಲೆ ಗಾಳಿ ಬೀಸಬಹುದು, ಹಕ್ಕಿ ಅಲುಗಬಹುದು. ಬಿಲ್ಲಿನ ಹೆದೆ ಕಿವಿಯವರೆಗೆ ಬಂದು ನಿಂತಿರುವಷ್ಟು ಹೊತ್ತು ಮಾತ್ರ ಬಿಲ್ಲುಗಾರನ ಅಧಿಕಾರ.

ಈ ಗಾಳಿಯನ್ನು ಶಾಲೆಯವರಾದ ನಾವು ಇತ್ತೀಚಿನ ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದೇವೆ. 2021ರಲ್ಲಿ ಮಹಾಮಾರಿಯ ಕಾರಣದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಎರಡೇ ದಿನಗಳಲ್ಲಿ, ಉತ್ತರವನ್ನು ಆರಿಸಿ ಗುರುತು ಮಾಡುವ ಕ್ರಮದಲ್ಲಿ ನಡೆಸಲಾಯಿತು. ಕುಳಿತವರಲ್ಲಿ ಬಹುತೇಕ ಎಲ್ಲರೂ ಉತ್ತೀರ್ಣರಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಿದರು. ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆಯೂ ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಹತ್ತು ಪಾಲು ಕುಗ್ಗಿತೆಂದು ಯಾರೂ ಹೇಳಲಾರರು. 2021ರಲ್ಲಿ ಎಲ್ಲರೂ ಪಂಡಿತರಾದರೆಂದೂ ಹೇಳಲಾರರು. ಅಂಕಿ ಏರಿದ್ದಕ್ಕೂ ಇಳಿದದ್ದಕ್ಕೂ ಪ್ರಶ್ನೆಪತ್ರಿಕೆಯ ಬಗೆ, ಮೇಲ್ವಿಚಾರಣೆಯ ಬಿಗಿ, ಕೃಪಾಂಕದ ಔದಾರ್ಯ ಎಂಬ ಹೊರಗಿನ ಕಾರಣಗಳಿದ್ದವು. ಆದರೆ ಇಲ್ಲಿ ಇನ್ನೂ ಒಂದು ಕಹಿಯಾದ ಸತ್ಯವಿದೆ. ಕ್ಯಾಮೆರಾ ಬಂದ ಕೂಡಲೆ ಅಂಕಿ ಇಳಿಯಿತೆಂದರೆ, ಅದಕ್ಕೆ ಮುಂಚಿನ ಅಂಕಿಯಲ್ಲಿ ಕಲಿಕೆಯಲ್ಲದ ಏನೋ ಒಂದು ಸೇರಿತ್ತೆಂದೇ ಅರ್ಥ. ಫಲವನ್ನೇ ಗುರಿಯೆಂದು ಮಕ್ಕಳ ಮುಂದೆ ಇಟ್ಟರೆ ಅದನ್ನು ಮುಟ್ಟಲು ಕಲಿಕೆಗಿಂತ ಹತ್ತಿರದ ದಾರಿಯೊಂದು ಅವರಿಗೆ ಕಾಣಿಸುತ್ತದೆ. ನಕಲು ಮಾಡಿದ ಹುಡುಗನನ್ನು ಬಯ್ಯುವ ಮೊದಲು, ಅವನ ಮುಂದೆ ನಾವು ಇಟ್ಟ ಗುರಿ ಯಾವುದೆಂಬುದನ್ನು ವಿಚಾರಿಸುವುದು ಲೇಸು.

ಇಷ್ಟು ಹೇಳಿದ ಕೂಡಲೆ ಕೆಲವರು ಫಲಾಪೇಕ್ಷೆ ಇರಬಾರದೆಂಬ ಗೀತೆಯ ಮಾತನ್ನು ಮುಂದೆ ತಂದು ವಿಷಯವನ್ನು ಮುಗಿಸಿಬಿಡುತ್ತಾರೆ. ಆ ಮಾತು ಎಷ್ಟು ದೊಡ್ಡದೋ ಅದರ ದುರುಪಯೋಗವೂ ಅಷ್ಟೇ ದೊಡ್ಡದು. ಪಾಠವನ್ನು ಅರ್ಧಕ್ಕೆ ನಿಲ್ಲಿಸಿದ ಮೇಷ್ಟರೂ ಫಲ ನಮ್ಮ ಕೈಯಲ್ಲಿಲ್ಲ ಎನ್ನಬಲ್ಲರು. ಅಂಥವರು ಅದೇ ಗೀತೆಯ 18ನೆಯ ಅಧ್ಯಾಯವನ್ನೂ ಓದಬೇಕು. ಕರ್ಮವೊಂದು ಸಿದ್ಧಿಸಬೇಕಾದರೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳು ಕೂಡಬೇಕೆಂದು ಅಲ್ಲಿ ಲೆಕ್ಕ ಕೊಟ್ಟಿದೆ. ದೈವ ಐದನೆಯದು. ಉಳಿದ ನಾಲ್ಕರಲ್ಲಿ ಬಹುಪಾಲು ನಾವು ಹೊಂದಿಸಿಕೊಳ್ಳಬಹುದಾದವು. ಅವನ್ನು ಹೊಂದಿಸದೆ ಐದನೆಯದರ ಮೇಲೆ ಹೊರೆ ಹಾಕುವುದು ಶಾಸ್ತ್ರಸಮ್ಮತವಲ್ಲ. ನಾಟ್ಯಶಾಸ್ತ್ರವೂ ಕಥಾಗತಿಗೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ಐದು ಅವಸ್ಥೆಗಳನ್ನು ಹೇಳುತ್ತದೆ. ನಾಟಕದಲ್ಲಿ ಫಲಾಗಮ ತಪ್ಪುವುದಿಲ್ಲ. ಏಕೆಂದರೆ ಅಲ್ಲಿ ಎಲ್ಲ ಎಳೆಗಳೂ ಕವಿಯ ಕೈಯಲ್ಲಿರುತ್ತವೆ. ಬದುಕಿನಲ್ಲಿ ನಮಗೆ ದೊರೆಯುವುದು ಯತ್ನದ ಅಂಕ ಒಂದೇ.

ಕವಿಯ ಮಾತು ಬಂದುದರಿಂದ ನಮ್ಮ ಮುಧೋಳದವನೇ ಆದ ಕವಿಯೊಬ್ಬನನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. ರನ್ನನು ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ ಹುಟ್ಟಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರವನ್ನು ಹೆಗಲಿಗೇರಿಸುವುದು ಮನೆಯ ಉದ್ಯೋಗವಾಗಿದ್ದ ಈ ಹುಡುಗನು ವಿದ್ಯೆಯನ್ನು ಅರಸಿ ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯಾಚೆಯ ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು. ಚಾವುಂಡರಾಯನ ಆಶ್ರಯ ದೊರೆಯಿತು. ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎಂಬ ಬಿರುದೂ ಬಂತು. ಇಲ್ಲಿಯೂ ನನ್ನ ಲೇಖನಿ ತನಗರಿಯದೆ ವಿಭಕ್ತಿಯನ್ನು ಬದಲಿಸಿತು, ನೋಡಿ: ಅವನು ಹೋದನು, ಶಿಷ್ಯನಾದನು, ಅವನಿಗೆ ಆಶ್ರಯ ದೊರೆಯಿತು, ಬಿರುದು ಬಂತು. ಮುಧೋಳದ ಓಣಿಯಲ್ಲಿ ನಿಂತು “ನಾನು ಕವಿಚಕ್ರವರ್ತಿಯಾಗುತ್ತೇನೆ” ಎಂದು ಗುರಿ ಇಟ್ಟುಕೊಳ್ಳಲು ಅವನಿಗೆ ಸಾಧ್ಯವೇ ಇರಲಿಲ್ಲ. ಅವನು ಹುಟ್ಟಿದಾಗ ಈ ನಾಡನ್ನು ಆಳುತ್ತಿದ್ದವರು ರಾಷ್ಟ್ರಕೂಟರು. ತೈಲಪನು ಸಿಂಹಾಸನಕ್ಕೆ ಬಂದದ್ದು ರನ್ನನಿಗೆ ಇಪ್ಪತ್ತು ದಾಟಿದ ಮೇಲೆ. ಕಲಿಯಬೇಕೆಂಬುದೊಂದನ್ನು ಮಾತ್ರ ಆ ಹುಡುಗನು ಇಟ್ಟುಕೊಳ್ಳಬಹುದಾಗಿತ್ತು.

ಅವನ ಕೃತಿಗಳ ಗತಿಯನ್ನು ನೋಡಿದರೆ ಈ ವಿಚಾರ ಇನ್ನೂ ಸ್ಪಷ್ಟವಾಗುತ್ತದೆ. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ರಚಿತವಾದ ಅಜಿತಪುರಾಣ ನಮಗೆ ಉಳಿದು ಬಂದಿದೆ. ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಅವನ ಕೃತಿಗಳು ಉಳಿಯಲಿಲ್ಲ. ಬರೆಯುವಾಗ ಅವನ ಶ್ರದ್ಧೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇತ್ತೆಂದು ಯಾರು ಹೇಳಬಲ್ಲರು? ಓಲೆಗರಿಗೆ ಹತ್ತಿದ ಗೆದ್ದಲು ಕವಿಯ ಯೋಗ್ಯತೆಯನ್ನು ವಿಚಾರಿಸಿ ತಿನ್ನುವುದಿಲ್ಲ.

ಉಳಿದು ಬಂದ ಇನ್ನೊಂದು ಕಾವ್ಯದ ಕಥೆ ಮತ್ತೂ ವಿಚಿತ್ರ. ತನ್ನ ಪ್ರಭುವಾದ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹೊಗಳುವುದು ಕವಿಯ ಘೋಷಿತವಾದ ಉದ್ದೇಶ; ಆದ್ದರಿಂದಲೇ ಅದಕ್ಕೆ ಸಾಹಸಭೀಮವಿಜಯ ಎಂಬ ಹೆಸರು. ಹತ್ತು ಆಶ್ವಾಸಗಳ ಆ ಕಾವ್ಯವನ್ನು ಕನ್ನಡಿಗರು ಸಾವಿರ ವರ್ಷ ಓದಿ ಗದಾಯುದ್ಧ ಎಂದು ಕರೆದರು; ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿದವನು ಗೆದ್ದ ಭೀಮನಿಗಿಂತ ಹೆಚ್ಚಾಗಿ ಸೋತ ದುರ್ಯೋಧನ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ಆ ಛಲದಂಕನನ್ನು ತರಗತಿಯಲ್ಲಿ ಓದುವಾಗ, ಹಿಂದಿನ ಬೆಂಚಿನ ತುಂಟ ಹುಡುಗರೂ ಸುಮ್ಮನಾಗುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಸತ್ಯಾಶ್ರಯನ ಹೆಸರನ್ನು ಪರೀಕ್ಷೆಗಾಗಿ ನೆನಪಿಡುವವರೇ ಹೆಚ್ಚು. ಕವಿಯು ಪ್ರಭುವಿಗಾಗಿ ಬರೆದನು; ಫಲ ಎದುರಾಳಿಯ ಪಾಲಿಗೆ ಹೋಯಿತು; ಅದರಿಂದ ಕವಿ ಇನ್ನೂ ದೊಡ್ಡವನಾದನು. ರನ್ನನ ಗುರಿ ಸೋತಿತೆಂದು ನಾನು ಹೇಳಲಾರೆ. ಹೊಗಳಿಕೆಯ ಗುರಿಯ ಒಳಗೆ ಪಾತ್ರವನ್ನು ಸತ್ಯವಾಗಿ ಕಾಣಬೇಕೆಂಬ ಇನ್ನೊಂದು ಗುರಿ ಅವನಿಗಿತ್ತು. ಆ ಕೆಲಸವನ್ನು ಅವನು ಬಿಡಲಿಲ್ಲ. ದುರ್ಯೋಧನನನ್ನು ಕುಗ್ಗಿಸಿ ಭೀಮನನ್ನು ಹಿಗ್ಗಿಸುವ ಸುಲಭದ ದಾರಿ ಅವನ ಮುಂದೆ ತೆರೆದೇ ಇತ್ತು.

ಜಮಖಂಡಿಯ ಕಡೆಗೆ ಬರೋಣ. ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿಯೇ ಓದಿ, ಮುಂದೆ ಅಲಾಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದವರು. ಅವರೂ ಪುಣೆಯ ಬೇಲ್ವಲ್ಕರರೂ ಕೂಡಿ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸವನ್ನು ಹಲವು ಸಂಪುಟಗಳಲ್ಲಿ ಬರೆಯಲು ಸಂಕಲ್ಪಿಸಿದರು. ಎರಡನೆಯ ಸಂಪುಟ 1927ರಲ್ಲಿ ಬಂತು. ಮಹಾರಾಷ್ಟ್ರದ ಸಂತರನ್ನು ಕುರಿತ ಏಳನೆಯ ಸಂಪುಟ 1933ರಲ್ಲಿ ಬಂತು. ನಡುವಣ ಸಂಪುಟಗಳು ಬರಲೇ ಇಲ್ಲ. ಗ್ರಂಥಭಂಡಾರದಲ್ಲಿ ಎರಡರ ಪಕ್ಕದಲ್ಲಿ ಏಳು ನಿಂತಿರುವುದನ್ನು ಕಂಡವನು ಇದೊಂದು ವಿಫಲ ಯೋಜನೆ ಎಂದಾನು. ಆದರೆ ಆ ಏಳನೆಯ ಸಂಪುಟಕ್ಕಾಗಿ ಹಿಡಿದ ಸಂತಸಾಹಿತ್ಯದ ಅಧ್ಯಯನವನ್ನು ರಾನಡೆಯವರು ಕೊನೆಯವರೆಗೆ ಬಿಡಲಿಲ್ಲ. ಅವರು 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟರು. ಕನ್ನಡ ಸಂತರ ಪರಮಾರ್ಥಮಾರ್ಗವನ್ನು ಕುರಿತ ಅವರ ಗ್ರಂಥ 1960ರಲ್ಲಿ ಬೆಳಕು ಕಂಡಿತು. ಮೊದಲಿನ ಸಂಕಲ್ಪಪತ್ರವನ್ನು ಹಿಡಿದು ಅಳೆಯುವ ಲೆಕ್ಕಿಗನಿಗೆ ಈ ಗ್ರಂಥವನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂಬುದು ತೋಚಲಾರದು.

ಅದೇ ತಾಲೂಕಿನ ಸಾವಳಗಿಯವರಾದ ಬಿ. ಡಿ. ಜತ್ತಿಯವರ ವಿಷಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳುವಾಗ ನಾವು ಕೊನೆಯಿಂದ ಆರಂಭಿಸುತ್ತೇವೆ: ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿ. ನಡುವಿನ ಒಂದು ಅಧ್ಯಾಯವನ್ನು ಬಿಟ್ಟುಬಿಡುತ್ತೇವೆ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾಗಿ, 1945ರಲ್ಲಿ ಅದರ ಅಧ್ಯಕ್ಷರಾಗಿ, ಬಳಿಕ ಸಂಸ್ಥಾನದ ದಿವಾನರ ಪದವಿಗೇರಿದ ಅವರ ಕಾಲದಲ್ಲಿಯೇ, 1948ರ ಮಾರ್ಚ್ ತಿಂಗಳಲ್ಲಿ, ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನವೇ ಇಲ್ಲವಾದ ಮೇಲೆ ದಿವಾನಗಿರಿ ಎಲ್ಲಿಯದು? ಜತ್ತಿಯವರು ಮರಳಿ ವಕೀಲಿಗೆ ಕುಳಿತರು. ಸುಮಾರು ಇಪ್ಪತ್ತು ತಿಂಗಳು ಅದೇ ವೃತ್ತಿ. ದಿವಾನನಾಗುವುದೇ ಒಬ್ಬನ ಗುರಿಯಾಗಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸಾರ್ವಜನಿಕ ಕೆಲಸವನ್ನು ಕಲಿತವನಿಗೆ ಆ ಇಪ್ಪತ್ತು ತಿಂಗಳು ಒಂದು ಬಿಡುವು ಮಾತ್ರ. ನನ್ನ ಅಭಿಪ್ರಾಯದಲ್ಲಿ ಶಾಲೆಯ ಮಕ್ಕಳಿಗೆ ಉಪರಾಷ್ಟ್ರಪತಿ ಪದವಿಗಿಂತ ಈ ಇಪ್ಪತ್ತು ತಿಂಗಳುಗಳನ್ನು ಹೇಳುವುದು ಹೆಚ್ಚು ಪ್ರಯೋಜನಕರ. ಉಪರಾಷ್ಟ್ರಪತಿಗಳಾಗುವವರು ಬೆರಳೆಣಿಕೆಯ ಮಂದಿ. ಕೈಗೆ ಬಂದದ್ದು ಹೋಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾದವರು ಎಲ್ಲರೂ.

ಗುರಿಯನ್ನು ಮುಟ್ಟಿದರೂ ಫಲ ಬೇರೆಯಾಗಿ ಬರುವುದುಂಟು. ಜಮಖಂಡಿ ತಾಲೂಕಿನ ಕೃಷ್ಣಾ ತೀರದ ರೈತರು ಸರಕಾರದ ದಾರಿ ಕಾಯದೆ, ತಮ್ಮದೇ ವಂತಿಗೆ ಮತ್ತು ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಬ್ಯಾರೇಜು ಕಟ್ಟಿ ಅದನ್ನು ಶ್ರಮಬಿಂದು ಸಾಗರವೆಂದು ಕರೆದರು. ಮುಂದಾಳು ಸಿದ್ದು ನ್ಯಾಮಗೌಡರು. ಬೇಸಿಗೆಯಲ್ಲಿ ಬತ್ತುವ ಹೊಳೆಯ ನೀರನ್ನು ಹಿಡಿದು ನಿಲ್ಲಿಸಬೇಕೆಂಬುದು ಗುರಿ, ನೀರು ನಿಂತಿತು. ಆದರೆ ನೀರಿನ ಬೆನ್ನಿಗೆ ಏನೇನು ಬಂತು! 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥ ಧೀಮಂತರನ್ನು ಸೋಲಿಸಿ ನ್ಯಾಮಗೌಡರು ದೆಹಲಿಗೆ ಹೋದರು, ಕೇಂದ್ರದಲ್ಲಿ ಮಂತ್ರಿಗಳೂ ಆದರು. “ಬ್ಯಾರೇಜ್ ಸಿದ್ದು” ಎಂಬ ಹೆಸರು 2018ರಲ್ಲಿ ಅವರು ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಅವರೊಡನೆ ಇತ್ತು. ಜೋಳ ಬೆಳೆಯುತ್ತಿದ್ದ ನಮ್ಮ ಹೊಳೆಸಾಲಿನ ಎರೆಹೊಲಗಳನ್ನು ಕಬ್ಬು ಆವರಿಸಿತು. ನೀರು ಮಿತಿ ಮೀರಿದ ಕಡೆಗಳಲ್ಲಿ ಸವುಳು-ಜವುಳೂ ಬಂತು. ಬಿತ್ತಿದ್ದು ಮೊಳೆಯದ ಬಿಳಿಯ ನೆಲವನ್ನು ಹೊಳೆದಂಡೆಯ ಊರುಗಳವರು ಬಲ್ಲರು. ಇವುಗಳಲ್ಲಿ ಒಂದೂ ಮೊದಲ ದಿನ ಕಲ್ಲು ಹೊತ್ತವರ ಮನಸ್ಸಿನಲ್ಲಿ ಇದ್ದಿರಲಾರದು. ಫಲವು ಗುರಿಗಿಂತ ಕಡಿಮೆಯಾಗುವುದು ಒಂದು ಬಗೆಯ ವ್ಯತ್ಯಾಸವಾದರೆ, ಮೀರಿ ಬರುವುದು ಇನ್ನೊಂದು ಬಗೆ; ಎರಡನೆಯದಕ್ಕೆ ಮನಸ್ಸನ್ನು ಸಿದ್ಧಗೊಳಿಸುವ ಶಿಕ್ಷಣವನ್ನು ನಾವು ಕೊಡುತ್ತಿಲ್ಲ. ಶರಣರ ಪರಂಪರೆಯಲ್ಲಿ ಅದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆಯಿದೆ. ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಅವಳು ಹಿಂದಿರುಗಿಸಿ ಕಳುಹಿದಳು. ಕಾಯಕದ ಗುರಿ ದಿನದ ದಾಸೋಹ. ಮಿಕ್ಕಿದ ಅಕ್ಕಿ ಆ ಗುರಿಯನ್ನೇ ಕದಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಹಾಗಾದರೆ ಫಲವನ್ನು ನೋಡಲೇಬಾರದೇ? ನೋಡಲೇಬೇಕು. ಹೊಟ್ಟೆ ತುಂಬಿದವರು ಫಲದ ವಿಷಯದಲ್ಲಿ ಉದಾಸೀನರಾಗಬಹುದು. ವಾರದ ಕೂಲಿಯ ಮೇಲೆ ಒಲೆ ಹೊತ್ತುವ ಮನೆಯವರಿಗೆ ಆ ಸೌಕರ್ಯವಿಲ್ಲ. ಈ ಸಂಗತಿಯನ್ನು ನನಗೆ ತಿಳಿಸಿದ್ದು ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ರಬಕವಿ-ಬನಹಟ್ಟಿಯ ಓಣಿಗಳು. ಮಗ್ಗದ ಮೇಲೆ ಕುಳಿತ ನೇಕಾರನನ್ನು ನೋಡಿ. ಹಾಸು ಹೂಡುವಾಗಲೇ ಸೀರೆಯ ಅಗಲ, ದಡಿ, ಬಣ್ಣ ಎಲ್ಲವೂ ನಿಶ್ಚಯವಾಗಿರುತ್ತವೆ. ಅದು ಅವನ ಗುರಿ. ಲಾಳಿ ಓಡಿದಂತೆಲ್ಲ ಹೊಕ್ಕು ಕೂಡಿ ಬಟ್ಟೆ ಬೆಳೆಯುತ್ತದೆ. ಅವನ ಕಣ್ಣು ಅದರ ಮೇಲೆಯೇ ಇರುತ್ತದೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ. ದಡಿ ಸೊಟ್ಟಾದರೆ ಬಿಚ್ಚಿ ನೇಯುತ್ತಾನೆ. ಇದು ಹತ್ತಿರದ ಫಲ. ಅದು ಕೆಲಸದೊಡನೆ ಮಾತನಾಡುತ್ತದೆ, ಎಲ್ಲಿ ತಪ್ಪಿತೆಂಬುದನ್ನು ಅಲ್ಲಿಯೇ ತೋರಿಸುತ್ತದೆ. ಸೀರೆ ಮಗ್ಗದಿಂದ ಇಳಿದ ಮೇಲೆ ದೊರೆಯುವ ಬೆಲೆ ದೂರದ ಫಲ. ನೂಲಿನ ದರ, ಸಾವಕಾರನ ಗೋದಾಮು, ದೂರದ ಪೇಟೆಯ ಹಬ್ಬ, ಕೈಮಗ್ಗಕ್ಕೆ ಎದುರಾಗಿ ಬಂದ ವಿದ್ಯುತ್ ಮಗ್ಗ, ಆ ವಿದ್ಯುತ್ ಮಗ್ಗಕ್ಕೆ ಎದುರಾಗಿ ಬಂದ ಪರಊರಿನ ಅಗ್ಗದ ಬಟ್ಟೆ, ಇಷ್ಟೆಲ್ಲ ಕೂಡಿ ಅದನ್ನು ತೀರ್ಮಾನಿಸುತ್ತವೆ. ಬೆಲೆ ಬಿದ್ದಿತೆಂದರೆ ನೇಯ್ಗೆ ಕೆಟ್ಟಿತೆಂದು ಯಾವ ನೇಕಾರನೂ ತಿಳಿಯುವುದಿಲ್ಲ. ಬೆಲೆ ಬಿದ್ದದ್ದು ಅವನಿಗೆ ದುಃಖ ಕೊಡುತ್ತದೆ, ಸಾಲ ಮಾಡಿಸುತ್ತದೆ, ಕೆಲವೊಮ್ಮೆ ಮಗ್ಗವನ್ನೇ ಬಿಡಿಸುತ್ತದೆ. ಆದರೆ ತನ್ನ ಕೈಯ ಮೇಲಿನ ನಂಬಿಕೆಯನ್ನು ಅವನು ಬೆಲೆಯ ಕೈಗೆ ಕೊಡುವುದಿಲ್ಲ.

ಶಾಲೆಯಲ್ಲಿ ನಾವು ಮಾಡುತ್ತಿರುವುದು ಇದಕ್ಕೆ ವಿರುದ್ಧ. ಹುಡುಗನ ನಿತ್ಯದ ನೋಟುಪುಸ್ತಕ ಹತ್ತಿರದ ಫಲ. ಅದರಲ್ಲಿ ಕೆಂಪು ಶಾಯಿಯ ಗುರುತುಗಳನ್ನು ಎಳೆದು, ತಿದ್ದಿ ಬರೆದನೋ ಇಲ್ಲವೋ ನೋಡದೆ ಮುಚ್ಚಿಡುತ್ತೇವೆ. ವರ್ಷಾಂತ್ಯದ ಶೇಕಡಾಂಕ ದೂರದ ಫಲ. ಅದನ್ನು ಫಲಕದ ಮೇಲೆ ಬಣ್ಣದಲ್ಲಿ ಬರೆಸುತ್ತೇವೆ. ಅಂಕ ಕಡಿಮೆ ಬಿದ್ದ ಹುಡುಗ ತನಗೆ ಬುದ್ಧಿಯಿಲ್ಲವೆಂದು ನಿರ್ಧರಿಸಿಕೊಂಡು ಮನೆಗೆ ಹೋಗುತ್ತಾನೆ. ಯಾವ ಎಳೆ ಎಲ್ಲಿ ಹರಿಯಿತೆಂಬುದನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ.

ದೂರದ ಫಲ ಎಷ್ಟು ದೂರದವರ ಕೈಯಲ್ಲಿರಬಲ್ಲುದೆಂಬುದನ್ನು ಬೀಳಗಿ ತಾಲೂಕಿನ ಹೊಳೆಸಾಲಿನ ಮನೆಗಳಿಂದ ಬರುವ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಅಜ್ಜ ಹರಗಿದ ಹೊಲ ಹಿನ್ನೀರಿನಲ್ಲಿ ಹೋಯಿತು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಮೊಮ್ಮಗನೂ ತನ್ನ ಮನೆ ಯಾವ ಗೆರೆಯ ಒಳಗಿದೆ ಎಂದು ಕೇಳಿಕೊಂಡು ಬೆಳೆಯುತ್ತಿದ್ದಾನೆ. ಇಂಥ ಹುಡುಗನಿಗೆ “ಇನ್ನು ಹತ್ತು ವರ್ಷಕ್ಕೆ ಎಲ್ಲಿರುವಿ, ಏನಾಗಿರುವಿ?” ಎಂದು ಪ್ರಬಂಧ ಬರೆಯಲು ಹೇಳುವುದು ನನಗೆ ನಿರ್ದಯವೆನಿಸುತ್ತದೆ. ಯಾವ ಊರಿಗೆ ಹೋದರೂ ಜೊತೆಗೆ ಒಯ್ಯಲು ಬರುವಂಥದು ಏನನ್ನು ಈ ವರ್ಷ ಕಲಿಯುವಿ ಎಂದು ಕೇಳಿದರೆ ಅವನು ಉತ್ತರ ಹೇಳಬಲ್ಲನು. ಈಜು, ಲೆಕ್ಕ, ಅರ್ಜಿ ಬರೆಯುವುದು, ಒಳ್ಳೆಯ ಕನ್ನಡ.

“ದೊಡ್ಡವನಾದ ಮೇಲೆ ಏನಾಗುವಿ?” ಎಂಬ ಪ್ರಶ್ನೆಯ ಮೇಲೆಯೇ ನನಗೆ ಆಕ್ಷೇಪವಿದೆ. ಆಗು ಎಂಬುದು ಅಕರ್ಮಕ ಧಾತು; ಮಾಡು ಎಂಬುದು ಸಕರ್ಮಕ. ಡಾಕ್ಟರನಾಗುತ್ತೇನೆ, ಕಲೆಕ್ಟರನಾಗುತ್ತೇನೆ ಎಂದು ಮಕ್ಕಳು ಕೂಗಿ ಹೇಳಿದಾಗ ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ. ಅದಕ್ಕಾಗಿ ನಾಳೆ ಬೆಳಿಗ್ಗೆ ಏನು ಮಾಡುವಿ ಎಂದು ಮರುಪ್ರಶ್ನೆ ಹಾಕಿದ ಅತಿಥಿಯನ್ನು ನಾನು ಈವರೆಗೆ ಕಂಡಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳು ಸ್ನೇಹಸಮ್ಮೇಳನದ ವೇದಿಕೆಯ ಮೇಲೆ ನಿಂತಾಗ ತಾವು ಏರಿದ ಪದವಿಯನ್ನು ಹೇಳಲಿ, ಸಂತೋಷ. ಜೊತೆಗೆ, ಯಾವ ಅರ್ಜಿ ತಿರಸ್ಕೃತವಾಯಿತು, ಆ ರಾತ್ರಿ ಏನು ಓದಿದೆ, ಮರುವರ್ಷ ಯಾವುದನ್ನು ಬದಲಿಸಿದೆ ಎಂಬುದನ್ನೂ ಹೇಳಿದರೆ ಕೆಳಗೆ ಕುಳಿತ ಮಕ್ಕಳಿಗೆ ಹಿಡಿದುಕೊಳ್ಳಲು ಒಂದು ಆಸರೆ ಸಿಕ್ಕೀತು.

ಇನ್ನು ದಾನಿಗಳಲ್ಲಿ ಒಂದು ನಿವೇದನೆ. ಶ್ರೀಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ತಾವು ತಂದೆತಾಯಿಗಳ ಹೆಸರಿನಲ್ಲಿ ಇಟ್ಟ ದತ್ತಿಗಳಿಂದ ಎಷ್ಟೋ ಬಡಮಕ್ಕಳ ಶುಲ್ಕ ಸಂದಿದೆ. ಆ ಉಪಕಾರವನ್ನು ಯಾರೂ ಮರೆಯುವುದಿಲ್ಲ. ಆದರೆ ಬಹುಮಾನದ ದತ್ತಿಗಳ ಕರಾರುಪತ್ರಗಳನ್ನು ತೆಗೆದು ನೋಡಿದರೆ ಸಾಮಾನ್ಯವಾಗಿ ಇರುವುದು ಒಂದೇ ವಾಕ್ಯ: ಇಂಥ ವಿಷಯದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ. ಇದರಿಂದ ಆಗುವುದೇನೆಂದರೆ, ಒಬ್ಬನೇ ವಿದ್ಯಾರ್ಥಿ ಐದಾರು ಬಾರಿ ವೇದಿಕೆ ಹತ್ತಿ ಇಳಿಯುತ್ತಾನೆ. ಉಳಿದ ಮಕ್ಕಳು ಕೈ ನೋಯುವಷ್ಟು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಆ ಫಲಕಗಳನ್ನು ಕಿತ್ತುಹಾಕಿರೆಂದು ನಾನು ಹೇಳುತ್ತಿಲ್ಲ. ಉತ್ತಮ ಅಂಕ ಪಡೆದವನು ಮೆಚ್ಚುಗೆಗೆ ಅರ್ಹನೇ. ಶಾಲೆಯ ಫಲಿತಾಂಶ ಇಳಿದ ವರ್ಷವೂ ಅದನ್ನು ಮರೆಮಾಚದೆ ಬರೆಯುವುದೇ ಧರ್ಮ. ದತ್ತಿಯ ಅರ್ಧದಷ್ಟನ್ನಾದರೂ ಮಾಡಿದ ಕೆಲಸಕ್ಕೆ ಕೊಡುವಂತೆ ಕರಾರನ್ನು ತಿದ್ದಿಸಬೇಕೆಂಬುದಷ್ಟೇ ನನ್ನ ಬೇಡಿಕೆ.

ಕೆಲಸವನ್ನು ಅಳೆಯುವುದು ಹೇಗೆಂದು ಕೇಳುವಿರಿ. ಅಂಕ ಕೂಡಿಸುವುದಕ್ಕಿಂತ ಅದು ಕಷ್ಟವೆಂಬುದು ನಿಜ. ಶಿಕ್ಷಕರಿಗೆ ದುಡಿತ ಹೆಚ್ಚುತ್ತದೆ. ಜೂನ್ ತಿಂಗಳಲ್ಲಿ ಒಂದು ಪುಟದ ಶುದ್ಧಬರಹದಲ್ಲಿ ಇಪ್ಪತ್ತು ತಪ್ಪು ಮಾಡುತ್ತಿದ್ದ ಹುಡುಗಿ ಫೆಬ್ರವರಿಯಲ್ಲಿ ಐದು ಮಾಡಿದರೆ ಅವಳಿಗೊಂದು ಬಹುಮಾನ ಸಲ್ಲಬೇಕು, ಅವಳ ಪಕ್ಕದವಳು ಮೊದಲಿನಿಂದಲೂ ಎರಡೇ ತಪ್ಪು ಮಾಡುತ್ತಿದ್ದರೂ ಸರಿಯೇ. ವರ್ಷವಿಡೀ ತಿಂಗಳಿಗೊಂದು ಪುಸ್ತಕ ಓದಿ ಅದರ ಸಾರವನ್ನು ತನ್ನ ಮಾತಿನಲ್ಲಿ ಬರೆದಿಟ್ಟವನಿಗೆ ಒಂದು. ಮನೆಯಲ್ಲಿ ಮಗ್ಗದ ಕಂಡಿಕೆ ಸುತ್ತಿ, ಕಬ್ಬಿಗೆ ನೀರು ಬಿಟ್ಟು, ಆಮೇಲೆಯೂ ಒಂದು ದಿನ ತಪ್ಪದೆ ಅಭ್ಯಾಸದ ವಹಿಯನ್ನು ತುಂಬಿಸಿದವರಿಗೆ ಒಂದು. ನನ್ನ ವಿಷಯದ ಪಕ್ಷಪಾತವೆಂದರೂ ಅನ್ನಿ, ರವಿವಾರ ಬೆಳಿಗ್ಗೆ ಪಂಡಿತರೊಡನೆ ಕುಳಿತು ಗದಾಯುದ್ಧದ ಒಂದು ಆಶ್ವಾಸವನ್ನಾದರೂ ಅರ್ಥಸಹಿತ ಓದಿ ಮುಗಿಸಿದವರಿಗೆ ಒಂದು. ರನ್ನನ ಊರಿನ ನೆರೆಯಲ್ಲಿದ್ದೂ ಪಠ್ಯದಲ್ಲಿ ಬಂದ ಕೆಲವು ಪದ್ಯಗಳನ್ನಲ್ಲದೆ ಮತ್ತೇನನ್ನೂ ಓದದೆ ಮಕ್ಕಳು ಶಾಲೆ ಬಿಡುವುದು ನನಗೆ ಸಹ್ಯವಾಗಿಲ್ಲ.

ಬಹುಮಾನ ಪಡೆದ ವಹಿಗಳನ್ನು ರಟ್ಟು ಕಟ್ಟಿಸಿ ಶಾಲೆಯ ಗ್ರಂಥಭಂಡಾರದಲ್ಲಿ ಇಡಬೇಕು. ಮುಂದಿನ ವರ್ಷದ ಮಕ್ಕಳು ಅವನ್ನು ಮುಟ್ಟಿ ನೋಡುವಂತಿರಬೇಕು, ತಿದ್ದಿದ ಗುರುತುಗಳೂ ಅವುಗಳಲ್ಲಿ ಹಾಗೆಯೇ ಇರಬೇಕು. ನಿರ್ಣಯಕ್ಕೆ ಇಬ್ಬರು ಶಿಕ್ಷಕರೂ ಒಬ್ಬ ಹಳೆಯ ವಿದ್ಯಾರ್ಥಿಯೂ ಸಾಕು. ಪೂಜ್ಯ ಶ್ರೀಗಳವರ ಅಪ್ಪಣೆ ದೊರೆತರೆ ಜೂನ್ ತಿಂಗಳಿನಿಂದಲೇ ಇದನ್ನು ಆರಂಭಿಸಬಹುದು. ದಾನಿಗಳು ಮಾಡಬೇಕಾದುದು ಇಷ್ಟೇ: ತಮ್ಮ ದತ್ತಿಯ ಕರಾರನ್ನು ಹೀಗೆ ತಿದ್ದಲು ಒಪ್ಪಿಗೆಯಿದೆಯೆಂದು ಮುಖ್ಯಾಧ್ಯಾಪಕರಿಗೆ ಎರಡು ಸಾಲಿನ ಪತ್ರ ಬರೆಯುವುದು, ಸಾಧ್ಯವಾದರೆ ಬೇಸಿಗೆ ರಜೆ ಮುಗಿಯುವುದರೊಳಗಾಗಿ. ಹೊಸ ವಹಿಗಳಿಗೆ ಕಾಗದ ಕೊಳ್ಳುವುದು ಆಗಲೇ.